ಉಣ್ಣೆ ದಾರದ ತಾಳಿ

“ಅಯ್ಯ ಶಿವನ! ಈ ಫೋಟೋದಾಗ ನಿನ್ನ ಹೆಂಡ್ತಿ ಕೊರಳು ಬರಿದೈತಲ್ಲೋ ಸಿದ್ದರಾಯಾ!”

ನೆರೆಮನೆಯ ಗುಂಡವ್ವನ ಬಾಯಿಗೆ ಬೀಗವೆಂಬುದೇ ಇರಲಿಲ್ಲ. ೧೯೭೯ರ ಬೇಸಿಗೆ. ಬಸವನ ಬಾಗೇವಾಡಿಯ ಶೇವಂತೆವ್ವನ ಮನೆಯ ಪಡಸಾಲೆಯಲ್ಲಿ ಸೊಸೆ ಕಸ್ತೂರಿಗೆ ಉಡಿ ತುಂಬುವ ಶಾಸ್ತ್ರ ನಡೆದಿತ್ತು. ಇಂಗ್ಲೆಂಡಿನಿಂದ ರಜೆಗೆ ಬಂದಿದ್ದ ಮಗ ಸೊಸೆ ಮರುದಿನ ಹೊರಡುವವರಿದ್ದರು. ಸಿದ್ದರಾಯ ಅಲ್ಲಿ ಹೊಸದೊಂದು ಯಂತ್ರ ಕಟ್ಟುವವರ ಜೊತೆ ಕೆಲಸಕ್ಕಿದ್ದ. ದೊಡ್ಡ ಅಯಸ್ಕಾಂತದ ನಡುವೆ ಮನುಷ್ಯರನ್ನು ಮಲಗಿಸಿ, ಕತ್ತಿ ತಾಗಿಸದೆ ತಲೆಯೊಳಗಿನದನ್ನು ಚಿತ್ರವಾಗಿ ತೋರಿಸುವ ಯಂತ್ರವದು. ಹೆಂಡತಿ ಅದರಲ್ಲಿ ಮಲಗಿದ ಫೋಟೋವನ್ನು ಓಣಿಯವರಿಗೆಲ್ಲ ತೋರಿಸಿ ಮೆರೆಯಹೊರಟಿದ್ದ ಮಹಾಶಯ! ಹೆಂಗಸರು ಯಂತ್ರ ಬಿಟ್ಟು ಕೊರಳು ನೋಡುತ್ತಾರೆಂಬ ಬುದ್ಧಿ ಅವನಿಗೆ ಎಲ್ಲಿಂದ ಬರಬೇಕು?

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ ಶೇವಂತೆವ್ವ ಬಂದು ಫೋಟೋ ಕಸಿದುಕೊಂಡಳು. ಗಂಡ ರೇವಣಪ್ಪ ತೀರಿಕೊಂಡ ಮೇಲೆ ಶುಭಕಾರ್ಯವೆಂದರೆ ಅವಳು ಹೀಗೆ ಬಾಗಿಲಾಚೆಯೇ ನಿಲ್ಲುತ್ತಿದ್ದಳು.

“ಕಸ್ತೂರಿ, ಇದು ಖರೇನ?”

“ಹೌದ್ರಿ ಅತ್ತಿ. ಆ ಯಂತ್ರದ ಹತ್ರ ಲೋಹ ಇರಬಾರದ್ರಿ. ತಾಳಿ, ಕಾಲುಂಗುರ, ಕಿವ್ಯಾನ ಓಲಿ... ಎಲ್ಲಾ ತೆಗದ ಮಲಗಬೇಕು. ಎದ್ದ ಕೂಡ್ಲೇ ಮತ್ತ ಹಾಕ್ಕೋತೇನಿ.”

“ಯಾರರ ಒತ್ತಾಯ ಮಾಡಿದ್ರೇನ?”

“ಇಲ್ರಿ. ನಾನ ಒಪ್ಪಿ ಮಲಗೇನಿ. ಹೋದ ಮ್ಯಾಲ ಇನ್ನೂ ಮಲಗೂದೈತಿ.”

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು!

“ಗಂಡ ಕಲ್ಲಗುಂಡಿನಂಗ ಮುಂದ ನಿಂತಾನ, ತಾಳಿ ಬಿಚ್ಚತಿ! ಬಿಚ್ಚೂದಂದ್ರ ಏನಂತ ಗೊತ್ತೇನ ನಿನಗ? ನನ್ನ ಕೇಳು... ಅವತ್ತ ನನ್ನ ಕೊರಳಿಂದ ತೆಗದಾಗ...” ಶೇವಂತೆವ್ವ ಸೆರಗಿನಿಂದ ಮುಖ ಒರೆಸಿಕೊಂಡು ಗುಡುಗಿದಳು: “ನಾಳಿ ಅವ ಒಬ್ಬನ ಹೋಗ್ಲಿ. ನೀ ಇಲ್ಲೇ ಇರು. ಆ ಯಂತ್ರದಾಗ ಮಲಗಾಕ ಹೋದ್ರ ಮತ್ತ ಈ ಹೊಸ್ತಿಲಾ ತುಳಿಬ್ಯಾಡ!”

ಹೆಂಗಸರು ಒಬ್ಬೊಬ್ಬರಾಗಿ ಜಾರಿಕೊಂಡರು. ಗುಂಡವ್ವ ಮಾತ್ರ ಕದಲಲಿಲ್ಲ. ಬೆಂಕಿ ಹಚ್ಚಿದವರು ಚಳಿ ಕಾಯಿಸಿಕೊಳ್ಳದೆ ಹೋಗುತ್ತಾರೆಯೇ?

ಸಂಜೆ ಶೇವಂತೆವ್ವ ಹಿತ್ತಲ ಕುರಿದೊಡ್ಡಿಯ ಬಳಿ ಉಣ್ಣೆ ಹಿಂಜುತ್ತ ಕೂತಿದ್ದಳು. ಹಿಂಜಿದ್ದಕ್ಕಿಂತ ಹರಿದದ್ದೇ ಹೆಚ್ಚು. ಕಸ್ತೂರಿ ಮೆಲ್ಲಗೆ ಬಂದು ಎದುರು ಕೂತಳು.

“ಅತ್ತಿ, ಕಡೀ ಕಡೀಗೆ ಮಾವಾರು ನನ್ನ ಹೆಸರಾ ಮರ್ತಿದ್ರು. ‘ಮಗಳಾ, ತಲಿ ಒಡದ ಹೋಗಾಕತ್ತೈತಿ’ ಅಂತ ನನ್ನ ಕೈ ಹಿಡೀತಿದ್ರು. ನೆನಪೈತಿಲ್ರಿ?”

ಶೇವಂತೆವ್ವ ಮರೆಯುವುದು ಹೇಗೆ? ಕುರಿ ಮಂದೆಯನ್ನೇ ಹಿಡಿತದಲ್ಲಿಟ್ಟಿದ್ದ ಮನುಷ್ಯ ನಿಂತಲ್ಲೇ ತೂಕಡಿಸಿ ಬೀಳುತ್ತಿದ್ದ. ದೊಡ್ಡಾಸ್ಪತ್ರೆಯ ಡಾಕ್ಟರು, “ಒಳಗೇನೋ ಬೆಳೆದಿದೆ, ಎಲ್ಲಿ ಎಂದು ಕಾಣುವುದಿಲ್ಲ, ತಲೆ ತೆರೆದು ನೋಡಬೇಕು” ಎಂದಿದ್ದರು. ಬೇಡವೆಂದು ಬಸ್ಸು ಹತ್ತಿಸಿಕೊಂಡು ಬಂದವಳು ಅವಳೇ. ತಾನೇ ಕೊಂದೆನೇನೋ ಎಂಬ ಸಂಕಟ ಅವಳನ್ನು ಅಂದಿನಿಂದ ಸುಡುತ್ತಲೇ ಇತ್ತು.

“ನೀವು ಬ್ಯಾಡಂದದ್ದು ತಪ್ಪಲ್ರಿ,” ಎಂದಳು ಕಸ್ತೂರಿ. “ಕಾಣದ ಜಾಗಾದಾಗ ಕತ್ತಿ ಹಾಕಂತ ಯಾರ ಹೇಳ್ಯಾರು? ಈ ಯಂತ್ರ ಅದನ್ನ ಕಾಣಿಸ್ತೈತಿ. ಆದ್ರ ಇನ್ನೂ ಕೂಸೈತ್ರಿ ಅದು, ಚಿತ್ರ ಮಸಕ ಬರ್ತೈತಿ. ಆರಾಮ ಇದ್ದಾರ ತಲಿ ಹ್ಯಾಂಗ ಕಾಣ್ತೈತಿ ಅಂತ ಮದಲ ತಿಳೀಬೇಕು, ಆಮ್ಯಾಲ ಬ್ಯಾನಿ ಗುರ್ತು ಸಿಗ್ತೈತಿ. ಅದಕ್ಕ ಯಾರರ ಹೋಗಿ ಮಲಗಬೇಕಲ್ರಿ? ಅಲ್ಲಿ ಮಲಗಿದಾಗೆಲ್ಲ ನನಗ ಮಾವಾರ ನೆನಪಾಗ್ತಾರ...”

ಶೇವಂತೆವ್ವ ಹರಿದ ಉಣ್ಣೆ ಬದಿಗಿಟ್ಟು ಕಣ್ಣೊರೆಸಿಕೊಂಡಳು.

“ನೋಯ್ತೈತೇನ?”

“ಇಲ್ರಿ. ಹಲಗಿ ಬಿರುಸು, ಬೆನ್ನ ಹಿಡೀತೈತಿ ಅಷ್ಟ.”

“ನಿನ್ನ ಗಂಡ ಮಲಗ್ಯಾನೋ, ಬರೇ ನಿನ್ನ ಮಲಗಸ್ಯಾನೋ?”

“ನನಗಿಂತ ಮದಲ ಅವರ ಮಲಗಿದ್ರು. ಗೊರಕಿ ಹೊಡದು ಅಲ್ಲಾಡಿ ಚಿತ್ರಾನ ಕೆಡಿಸಿದ್ರು!”

ಅಳುತ್ತಿದ್ದ ಶೇವಂತೆವ್ವನಿಗೆ ನಗು ಉಕ್ಕಿತು. “ಥೇಟ್ ಅವರಪ್ಪನ!” ಎಂದಳು. ಆದರೆ ಹೋಗು ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಸಿದ್ದರಾಯ ಎರಡು ಪೆಟ್ಟಿಗೆ ಕಟ್ಟುವುದೋ ಒಂದೋ ತಿಳಿಯದೆ ಒದ್ದಾಡಿದ.

ಬೆಳಗಾಯಿತು. ಜಗಲಿಯ ಮೇಲೆ ತಟ್ಟೆಯೊಂದಿತ್ತು. ತಟ್ಟೆಯಲ್ಲಿ ತಮ್ಮದೇ ಕುರಿಯ ಉಣ್ಣೆಯಿಂದ ಹೊಸೆದ ದಾರ, ಅದಕ್ಕೆ ಬಿಗಿದ ಅರಿಶಿನದ ಕೊಂಬು, ಮೇಲೆ ದೇವರ ಭಂಡಾರದ ಪುಡಿ. ಶೇವಂತೆವ್ವ ಗುಂಡವ್ವನನ್ನೂ ಕರೆಸಿದ್ದಳು.

“ಇದ್ರಾಗ ಲೋಹದ ಚೂರೂ ಇಲ್ಲ ಕಸ್ತೂರಿ. ಬಂಗಾರದ್ದು ಬಿಚ್ಚಿದಾಗ ಇದು ಕೊರಳಾಗ ಇರ್ಲಿ. ನಿನ್ನ ಯಂತ್ರ ಇದಕ್ಕೇನೂ ತಕರಾರು ಮಾಡೂದಿಲ್ಲಲ್ಲ?”

“ಇಲ್ರಿ ಅತ್ತಿ...” ಕಸ್ತೂರಿಯ ಕಣ್ಣು ತುಂಬಿತು.

“ಗುಂಡವ್ವ, ನೀ ಮುತ್ತೈದಿ, ನೀ ಕಟ್ಟವಾ. ನಾ ಮುಟ್ಟಬಾರದು.”

ಕಸ್ತೂರಿ ಎರಡೂ ಕೈಗಳಿಂದ ಕೊರಳು ಮುಚ್ಚಿಕೊಂಡಳು. “ನೀವ ಕಟ್ರಿ.”

“ಹುಚ್ಚೀ! ಗಂಡನ್ನ ಕಳಕೊಂಡಾಕಿ ನಾನು!”

“ಬಿಚ್ಚೂದಂದ್ರ ಏನಂತ ನನ್ನ ಕೇಳು ಅಂದ್ರಿ ನಿನ್ನೆ. ಕಟ್ಟೂದಂದ್ರ ಏನಂತನೂ ನಿಮಗಿಂತ ಚಲೋ ಯಾರಿಗ ಗೊತ್ತೈತಿ ಹೇಳ್ರಿ?”

ಶೇವಂತೆವ್ವ ಗುಂಡವ್ವನತ್ತ ನೋಡಿದಳು. ಓಣಿಗೆಲ್ಲ ಶಾಸ್ತ್ರ ಹೇಳುವ ಗುಂಡವ್ವ ಈಗೇನನ್ನುತ್ತಾಳೋ ಎಂದು ಸಿದ್ದರಾಯ ಪೆಟ್ಟಿಗೆ ಕೆಳಗಿಟ್ಟು ಕಿವಿಗೊಟ್ಟ. ಗುಂಡವ್ವ ಕಣ್ಣೊರೆಸಿಕೊಂಡು ಗದರಿದಳು: “ಕಟ್ಟ ಶೇವಂತೆವ್ವ, ವಿಜಾಪುರದ ಬಸ್ ಹೋಗ್ತೈತಿ!”

ಅತ್ತೆ ಸೊಸೆಯ ಕೊರಳಿಗೆ ಗಂಟು ಹಾಕಿದಳು. ಹಾಕಿದವಳು ಹಾಗೆಯೇ ಅವಳ ಹೆಗಲ ಮೇಲೆ ತಲೆಯಿಟ್ಟು ಮನಸಾರೆ ಅತ್ತಳು. ಎಷ್ಟು ವರ್ಷದ ಭಾರವೋ... ಅಷ್ಟೂ ಇಳಿಯಿತು!

ಬಸ್ಸು ಹೊರಟಾಗ ಶೇವಂತೆವ್ವ ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ಓಡಿದಳು.

“ಕಸ್ತೂರಿ! ಅಲ್ಲಾಡದಂಗ ಮಲಗವಾ... ಚಿತ್ರ ಚಂದ ಬರ್ಲಿ!”