ಮರಗಟ್ಟಿದ ಬೆರಳು

ಗಣಿಯ ಬಾಯಿಗೆ ಹತ್ತಿರದಲ್ಲೇ ಇದ್ದ ಪ್ರಥಮ ಚಿಕಿತ್ಸೆಯ ಕೋಣೆಗೆ ಅವಳೊಬ್ಬಳೇ ನರ್ಸ್. ಇಡೀ ಗಣಿ ಅವಳನ್ನು ಸಿಸ್ಟರ್ ಎಂದು ಕರೆಯುತ್ತಿತ್ತು, ಮ್ಯಾನೇಜರ್ ಕೂಡ. ಬಂಡೆ ಕೊರೆಯುವ ಡ್ರಿಲ್ಲರ್ ಒಬ್ಬ ಮಾತ್ರ ಆ ಮಾತು ತಪ್ಪಿಯೂ ಬಾಯಿಂದ ಬಾರದಂತೆ ನೋಡಿಕೊಳ್ಳುತ್ತಿದ್ದ. ಒಮ್ಮೆ ಕಾರಣ ಕೇಳಿದ್ದಕ್ಕೆ, "ಮನೇಲಿ ಮೂವರು ಅಕ್ಕಂದಿರಿದ್ದಾರೆ, ಸಾಕು" ಎಂದಿದ್ದ.

ಅವನ ಗಾಯಗಳೋ, ಹೇಳಿಕೊಳ್ಳುವಂಥವಲ್ಲ. ಕಣ್ಣಿಗೆ ದೂಳು, ಮೊಣಕೈಗೆ ತರಚು. ಗಾಯಕ್ಕಿಂತ ಬ್ಯಾಂಡೇಜೇ ದೊಡ್ಡದು. ಅವನು ಬರುವುದು ಗಾಯಕ್ಕಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ಏನೂ ಅರಿಯದವಳಂತೆ ಹತ್ತಿ ಒತ್ತುತ್ತ, ನಗು ಕಾಣದಂತೆ ತಲೆ ಬಗ್ಗಿಸುತ್ತಿದ್ದಳು.

ಆ ದಿನ ಪಾಳಿ ಮುಗಿಸಿ ಬಂದವನ ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತ್ತು.

"ಏನಿದು?"

"ಟೀ ಲೋಟ ಸ್ವಲ್ಪ ಬಿಸಿ ಇತ್ತು ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ? ಹಿಡಿದಾಗ ಗೊತ್ತಾಗ್ಲಿಲ್ವಾ?"

"ಯಾರನ್ನೋ ನೆನೆಸ್ಕೊಂಡು ಕುಡೀತಿದ್ದೆ." ಹೇಳಿ, ಅವಳ ಕಿವಿಯ ಹಿಂದಿನಿಂದ ಜಾರಿದ ಕೂದಲೆಳೆಯನ್ನೇ ನೋಡಿದ.

ಬೇರೆ ದಿನವಾಗಿದ್ದರೆ ಅವಳ ಕೆನ್ನೆ ರಂಗೇರುತ್ತಿತ್ತು. ಆದರೆ ಅವಳ ಕಣ್ಣು ಬೆರಳುಗಳ ಮೇಲಿತ್ತು. ಎರಡು ಬೆರಳು ಸುಣ್ಣ ಬಳಿದಂತೆ ಬಿಳಿಚಿದ್ದವು. ಅವನು ಅವಳ ಮುಖ ನೋಡುತ್ತ ಇನ್ನೇನೋ ಹೇಳುತ್ತಿದ್ದಾಗ ಸೂಜಿಯ ಮೊನೆಯನ್ನು ಮೆಲ್ಲಗೆ ತಾಗಿಸಿದಳು. ಅವನ ಮಾತು ನಿಲ್ಲಲಿಲ್ಲ. ಇನ್ನಷ್ಟು ಒತ್ತಿದಳು. ಅವನು ನಗುತ್ತಲೇ ಇದ್ದ.

"ಯಾವಾಗಿಂದ ಹೀಗಿದೆ?"

ಅವನ ನಗು ಆರಿತು. "ಚಳಿಗೆ ಆಗುತ್ತೆ. ಆಮೇಲೆ ಸರಿಹೋಗುತ್ತೆ."

"ಚಳಿಗಲ್ಲ, ಡ್ರಿಲ್ ಅದುರಿ ಅದುರಿ ಆಗಿರೋದು. ಹೀಗೇ ಬಿಟ್ರೆ ಮುಂದೆ ಶರ್ಟಿನ ಗುಂಡಿ ಹಾಕೋಕೂ ಆಗಲ್ಲ. ಮ್ಯಾನೇಜರ್‌ಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?"

"ಬೇಡ ರೀ. ಹೇಳಿದ್ರೆ ನನ್ನನ್ನ ಮೇಲೆ ಕೂರಿಸ್ತಾರೆ. ಡ್ರಿಲ್ ಬಿಟ್ರೆ ನನಗೆ ಬೇರೇನು ಬರುತ್ತೆ? ಸುರಂಗದಲ್ಲಿ ನನ್ನ ಕೈ ನೋಡಿ ನಾಲ್ಕು ಜನ ಹೌದು ಅಂತಾರೆ." ಮುಖ ಬಿಗಿದುಕೊಂಡು, "ನೀವು ಹೇಳಿದ್ರೆ ನಾನು ಈ ಕಡೆ ತಲೆ ಹಾಕಿ ಕೂಡ ಮಲಗಲ್ಲ" ಎಂದ.

ಅವಳು ಬೊಬ್ಬೆಗೆ ಮುಲಾಮು ಹಚ್ಚಿ, ಬಟ್ಟೆ ಸುತ್ತಿ ಗಂಟು ಹಾಕಿದಳು. "ಮಲಗಬೇಡಿ. ಬೆರಳು ಉಳೀಲಿ."

ಅಂದೇ ಹೋಗಿ ಹೇಳಿದಳು. ಮರುದಿನದಿಂದ ಅವನ ಕೈಗೆ ಡ್ರಿಲ್ ಸಿಗಲಿಲ್ಲ. ಹೊಸಬರಿಗೆ ಕೆಲಸ ಕಲಿಸುವ ಷೆಡ್ಡಿಗೆ ಹಾಕಿದರು. ಅವನೂ ಮಾತಿಗೆ ತಪ್ಪಲಿಲ್ಲ. ಎದುರಿಗೆ ಸಿಕ್ಕರೂ ಹೆಲ್ಮೆಟ್ ಕೆಳಗೆಳೆದುಕೊಂಡು ಹೋದ. ಮಾಡಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಗಿಲಲ್ಲಿ ಬೂಟಿನ ಸದ್ದಾದಾಗಲೆಲ್ಲ ಕತ್ತು ತಾನಾಗಿ ತಿರುಗುತ್ತಿತ್ತು, ಬಂದವರು ಬೇರೆಯವರಾದರೆ ಅಳು ಬರುವಂತಾಗುತ್ತಿತ್ತು. ಅವನೆಂದರೆ ತನಗೆಷ್ಟು ಇಷ್ಟ ಎಂಬುದು ಅವನು ದೂರವಾದ ಮೇಲೆ ಪೂರ್ತಿ ತಿಳಿಯಿತು.

ಚಳಿಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಅವನು ಬಂದು ಸ್ಟೂಲಿನ ಮೇಲೆ ಕೂತ.

"ಏನಾಗಿದೆ?" ದನಿ ಗಟ್ಟಿ ಮಾಡಿಕೊಂಡು ಕೇಳಿದಳು.

"ಏನೂ ಆಗಿಲ್ಲ. ಗಾಯ ಇಲ್ಲದೆ ಬಂದ್ರೆ ಒಳಗೆ ಬಿಡ್ತೀರಾ ಅಂತ ನೋಡೋಕೆ ಬಂದೆ."

ಅವಳು ನಗಲಿಲ್ಲ. ಅವನೂ ತಮಾಷೆ ಬಿಟ್ಟ. "ಇವತ್ತು ಕಲಿಸುವಾಗ ಕಬ್ಬಿಣದ ಸಲಾಕೆ ಕೈಯಿಂದ ಜಾರಿ ಬಿತ್ತು. ಜಾರಿದ್ದು ಗೊತ್ತಾಗಿದ್ದೇ ಸದ್ದು ಕೇಳಿದ ಮೇಲೆ. ಸುರಂಗದಲ್ಲಾಗಿದ್ರೆ ಪಕ್ಕದಲ್ಲಿರೋ ಜೊತೆಗಾರನ ಮೇಲೇ ಬೀಳ್ತಿತ್ತು." ತಲೆ ತಗ್ಗಿಸಿದ. "ನಿಮ್ಮ ಮೇಲೆ ಸಿಟ್ಟಿತ್ತು. ಆದ್ರೆ ಸಿಟ್ಟಿಗಿಂತ ನಿಮ್ಮನ್ನ ನೋಡದೆ ಇರೋದೇ ಕಷ್ಟ ಆಯ್ತು."

ಅವಳು ಎದುರು ಕೂತು ಅವನ ಕೈ ತೆಗೆದುಕೊಂಡಳು. ಮರಗಟ್ಟಿದ ಬೆರಳನ್ನು ಒತ್ತಿ, "ಗೊತ್ತಾಗುತ್ತಾ?" ಎಂದಳು.

"ಇಲ್ಲ."

ಪಕ್ಕದ ಬೆರಳನ್ನು ಒತ್ತಿದಳು. "ಇದು?"

"ಇಲ್ಲ." ಅವನು ಬೆರಳುಗಳನ್ನೇ ನೋಡಿದ. "ಪೂರ್ತಿ ವಾಪಸ್ ಬರುತ್ತಾ?"

"ಹೇಳೋಕಾಗಲ್ಲ." ಅವನಿಗೆ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಅವಳ ಬೆರಳು ಅಂಗೈ ದಾಟಿ ಮಣಿಕಟ್ಟಿಗೆ ಬಂದು ನಿಂತಿತು. "ಇಲ್ಲಿ?"

"ಇಲ್ಲಿ ಗೊತ್ತಾಗುತ್ತೆ."

"ಹಾಗಾದ್ರೆ ಇಲ್ಲೇ ಹಿಡ್ಕೋತೀನಿ" ಎಂದಳು, ಮತ್ತೆ ಬಿಡಲಿಲ್ಲ.