ಈ ದಾರ ನೀವು ಕಟ್ಟಬೇಡಿ

"ಕತ್ತರಿ ಕೆಳಗಿಡಿ! ಮೊದಲು ಕೆಳಗಿಡಿ ಅದನ್ನ!"

ಆ ಕೂಗಿಗೆ ಪ್ಲಾಸ್ಟರ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದವರೆಲ್ಲ ಕತ್ತು ಉದ್ದ ಮಾಡಿ ಒಳಗೆ ನೋಡಿದರು. ರಚ್ಚೆ ಹಿಡಿದಿದ್ದ ಮಗುವೊಂದು ಅಳುವುದನ್ನೇ ಮರೆತು ಬಾಯಿ ತೆರೆದುಕೊಂಡು ಕುಳಿತಿತು.

ಒಳಗೆ ಎತ್ತರದ ಮಂಚದ ಅಂಚಿನಲ್ಲಿ ಕುಳಿತಿದ್ದವನು ಒಬ್ಬ ಪೇಂಟರ್. ಗೋಡೆಗೆ ಬಣ್ಣ ಹೊಡೆಯುವಾಗ ಏಣಿ ಜಾರಿ ಬಿದ್ದಿದ್ದ. ಅಂಗಿಯ ತುಂಬ ಹಳದಿ ಬಣ್ಣದ ಹನಿಗಳು. ಬಲಗೈಯ ಮಣಿಕಟ್ಟು ಊದಿಕೊಂಡು ಬದನೆಕಾಯಿಯಂತಾಗಿತ್ತು. ಆ ಊತದೊಳಗೆ ಅರ್ಧ ಹೂತುಹೋಗಿತ್ತು... ಒಂದು ಕೆಂಪು ರಾಖಿ.

ಕತ್ತರಿ ಹಿಡಿದಿದ್ದ ಮುದುಕರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಪ್ಲಾಸ್ಟರ್ ಮಾವ ಎನ್ನುತ್ತಿದ್ದರು. ಮುರಿದ ಮೂಳೆಗಳ ಜೊತೆ ಆಯುಷ್ಯ ಕಳೆದವರು, ಇಂಥ ಕೂಗಿಗೆಲ್ಲ ಹೆದರುವ ಆಸಾಮಿಯಲ್ಲ.

"ಅಯ್ಯಾ ಏಣಿರಾಯ, ಊತ ಏರ್ತಾ ಇದೆ. ದಾರ ಬಿಗಿದ್ರೆ ರಕ್ತ ಓಡಲ್ಲ. ನಿನಗೆ ಕೈ ಬೇಕೋ, ದಾರ ಬೇಕೋ?"

"ಎರಡೂ ಬೇಕು."

"ಓಹೋ! ಇಷ್ಟು ಲೆಕ್ಕಾಚಾರ ಏಣಿ ಹತ್ತುವಾಗ ಇದ್ದಿದ್ರೆ ನಿನ್ನ ಕೈಯೂ ಉಳೀತಿತ್ತು, ನನ್ನ ಊಟದ ಹೊತ್ತೂ ಉಳೀತಿತ್ತು."

ಹೊರಗಿದ್ದವರು ನಕ್ಕರು. ಅವನು ನಗಲಿಲ್ಲ. ಎಡಗೈಯಿಂದ ಆ ದಾರವನ್ನು ಮುಚ್ಚಿಕೊಂಡ. ನೋವಿಗೆ ತುಟಿ ಬಿಳಿಚಿತ್ತು, ಆದರೂ ಕೈ ಬಿಡಲಿಲ್ಲ.

"ನಾನು... ಬಿಚ್ಚಲಾ?"

ಯಾರು ಮಾತಾಡಿದ್ದು ಎಂದು ಮಾವನೇ ತಿರುಗಿ ನೋಡಬೇಕಾಯಿತು.

ಮೂಲೆಯಲ್ಲಿ ಹತ್ತಿಯ ಸುರುಳಿ ಸುತ್ತುತ್ತಿದ್ದ ಸಹಾಯಕಿ ಎದ್ದು ನಿಂತಿದ್ದಳು. ಅವಳು ನಡೆದರೆ ಸದ್ದಿಲ್ಲ, ಮಾತಾಡಿದರೆ ಪಕ್ಕದವರಿಗೂ ಕೇಳಿಸದು. ಅದಕ್ಕೇ ಮಾವ ಅವಳಿಗಿಟ್ಟ ಅಡ್ಡಹೆಸರು ಹತ್ತಿ. ರೋಗಿಗಳ ಎದುರು ಅವಳು ತಾನಾಗಿ ಬಾಯಿ ಬಿಟ್ಟದ್ದನ್ನು ಮಾವ ಕಂಡದ್ದು ಅದೇ ಮೊದಲು!

ಅವಳು ಅವನ ಮುಂದೆ ಸ್ಟೂಲು ಎಳೆದುಕೊಂಡು ಕುಳಿತಳು. ಊದಿದ ಕೈಯನ್ನು ತನ್ನ ಮಡಿಲ ದಿಂಬಿನ ಮೇಲೆ ಇಟ್ಟುಕೊಂಡಳು. ಚಿಮಟದ ತುದಿಯಿಂದ ಗಂಟಿನ ಒಂದೊಂದೇ ಎಳೆಯನ್ನು ಸಡಿಲಿಸತೊಡಗಿದಳು.

ಅವನು ಉಸಿರು ಬಿಗಿಹಿಡಿದು ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ಇದು ಒಂದೇ ಕೈಯಲ್ಲಿ ಹಾಕಿದ ಗಂಟು," ಎಂದಳು ಅವಳು, ತಲೆ ಎತ್ತದೆ. "ಎಡಗೈಯಲ್ಲಿ. ಇನ್ನೊಂದು ತುದೀನ ಹಲ್ಲಲ್ಲಿ ಕಚ್ಚಿ ಎಳೆದಿದ್ದಾರೆ. ಇಲ್ಲಿ ಎಳೆ ನಜ್ಜುಗುಜ್ಜಾಗಿದೆ."

ಅವನ ಕಣ್ಣು ತುಂಬಿಬಂತು. ಮೂಳೆ ಮುರಿದಾಗ ಬಾರದ ನೀರು ಈಗ ಬಂತು!

"ನಮ್ಮಕ್ಕ. ಅಮ್ಮ ಹೋದ ಮೇಲೆ ಅವಳೇ ನನ್ನ ಸಾಕಿದ್ದು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಈ ಸಲ ರಾಖಿ ಬೇಡ ಅಕ್ಕಾ ಅಂದ್ರೆ ಕೇಳಲಿಲ್ಲ. ಕುಂಕುಮ ಇಟ್ಟು, ಆರತಿ ತಟ್ಟೆ ನನ್ನ ಕೈಯಲ್ಲೇ ಹಿಡಿಸಿ, ಬಾಯಲ್ಲಿ ಕಚ್ಚಿ ಎಳೆದು ಕಟ್ಟಿದಳು. ಕಟ್ಟೋಕೆ ಅರ್ಧ ಬೆಳಿಗ್ಗೆ ಬೇಕಾಯ್ತು."

ಕೊನೆಯ ಎಳೆ ಬಿಡಿಸಿಕೊಂಡಿತು. ದಾರ ಒಂದು ಕಡೆಯೂ ತುಂಡಾಗದೆ ಅವಳ ಅಂಗೈಗೆ ಬಂತು.

"ನಿಮ್ಮ ಹತ್ತಿರಾನೇ ಇರಲಿ," ಎಂದ ಅವನು. "ನನ್ನ ಜೇಬು ಬೀಡಾಡಿ ಜೇಬು. ಅದನ್ನ ನಂಬೋ ಹಾಗಿಲ್ಲ."

ಅವಳು ಮಾತ್ರೆಯ ಖಾಲಿ ಡಬ್ಬಿಯಲ್ಲಿ ಹತ್ತಿ ಹಾಸಿ, ದಾರವನ್ನು ಸುತ್ತಿ ಮಲಗಿಸಿದಳು.

ಅವಳ ಚೀಲದಲ್ಲಿ ಇನ್ನೊಂದು ರಾಖಿ ಇತ್ತು. ಅದನ್ನು ಅವಳು ಅವನಿಗೆ ಹೇಳಲಿಲ್ಲ.

*

ಅವಳಿಗೊಬ್ಬ ಅಣ್ಣ ಇದ್ದ. ಅದೇ ಊರಿನಲ್ಲಿ, ಎರಡು ಬಸ್ಸು ಬದಲಿಸಿದರೆ ಸಿಗುವ ಬೀದಿಯಲ್ಲಿ.

ಅಪ್ಪ ಅಮ್ಮ ಹೋದ ಮೇಲೆ ಅವರಿಬ್ಬರೇ ಇದ್ದ ಮನೆ ಅದು. ಅಣ್ಣನಿಗೆ ಮದುವೆಯಾಯಿತು. ಅವಳು ಬಾಡಿಗೆ ಕೋಣೆಗೆ ಬಂದಳು. ಮೊದಲು ವಾರಕ್ಕೊಂದು ಫೋನು ಬರುತ್ತಿತ್ತು. ಆಮೇಲೆ ತಿಂಗಳಿಗೊಂದು. ಆಮೇಲೆ ಅವಳು ಮಾಡಿದರೆ ಮಾತ್ರ. "ಹೂಂ, ಚೆನ್ನಾಗಿದೀವಿ. ನೀನು? ಸರಿ, ಇಡ್ಲಾ?"

ಹೋದ ವರ್ಷ ರಾಖಿ ಹಬ್ಬಕ್ಕೆ ಸಿಹಿ ಕಟ್ಟಿಸಿಕೊಂಡು ಹೋದಳು. ಬಾಗಿಲಿಗೆ ಬೀಗ. ಅತ್ತಿಗೆಯ ತವರಿಗೆ ಹೋಗಿದ್ದಾರೆ ಎಂದು ಪಕ್ಕದ ಮನೆಯಾಕೆ ಹೇಳಿದಳು. "ನಿಂಗೆ ಹೇಳಿಲ್ವಾಮ್ಮ?"

"ಹೇಳಿದ್ರು... ನಾನೇ ಮರೆತೆ," ಎಂದಳು ಹತ್ತಿ. ದಾರವನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಬಸ್ಸು ಹತ್ತಿದಳು. ಸಿಹಿಯ ಪೊಟ್ಟಣವನ್ನು ಮಾತ್ರ ಸೀಟಿನ ಮೇಲೆ ಬಿಟ್ಟು ಇಳಿದಳು. ಒಬ್ಬಳೇ ಕೂತು ಸಿಹಿ ತಿನ್ನುವುದು ಅವಳಿಂದಾಗದ ಕೆಲಸ.

ಈ ವರ್ಷ ದಾರ ಕೊಂಡಿದ್ದಳು. ಹೋಗುವ ಧೈರ್ಯ ಬರಲಿಲ್ಲ.

ಆಸ್ಪತ್ರೆಯಲ್ಲಿ ಹಗಲಿಡೀ "ಅಕ್ಕಾ ನೀರು, ಅಕ್ಕಾ ಚೀಟಿ, ಅಕ್ಕಾ ಸ್ವಲ್ಪ ಹಿಡ್ಕೊಳ್ಳಿ" ಎಂದು ಕರೆಯುವವರು ಲೆಕ್ಕವಿಲ್ಲದಷ್ಟು. ಸಂಜೆ ಬಾಗಿಲು ಹಾಕಿಕೊಂಡರೆ ಕೆಮ್ಮಿದರೂ ಯಾಕೆ ಎಂದು ಕೇಳುವವರಿಲ್ಲ.

*

ಪೇಂಟರ್ ಮತ್ತೆ ಬಂದ. ಪ್ಲಾಸ್ಟರ್ ಬಿಗಿ ಎಂದ. ಇನ್ನೊಮ್ಮೆ ಬಂದ. ಪ್ಲಾಸ್ಟರ್ ಸಡಿಲ ಎಂದ. ಮತ್ತೊಮ್ಮೆ ಬಂದಾಗ ಏನು ಹೇಳಬೇಕೆಂದು ತೋಚದೆ ತಲೆ ಕೆರೆದುಕೊಂಡ.

"ಏನಪ್ಪಾ, ನಿನ್ನ ಪ್ಲಾಸ್ಟರಿಗೆ ಜ್ವರಾನಾ?" ಎಂದರು ಮಾವ.

"ತುರಿಕೆ ಮಾವಾ."

"ತುರಿಕೆ ಕೈಗೋ, ಕಾಲಿಗೋ? ಕಾಲು ಸುಮ್ನೆ ಈ ಕಡೆಗೇ ಬರ್ತಾ ಇದೆ."

ಹತ್ತಿ ಬಕೆಟ್ಟಿನ ನೀರಿನಲ್ಲಿ ಬ್ಯಾಂಡೇಜು ನೆನೆಹಾಕುತ್ತ ಮುಖ ಆಚೆ ತಿರುಗಿಸಿದಳು. ಕಿವಿ ಕೆಂಪಾಗಿದ್ದು ಮಾವನಿಗೆ ಕಾಣಬಾರದಲ್ಲ!

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂರುವುದು ರೂಢಿಯಾಯಿತು. ಅವನು ಗೋಡೆಗಳ ಬಗ್ಗೆ ಮಾತಾಡುತ್ತಿದ್ದ. ಯಾವ ಬಣ್ಣದ ಕೆಳಗೆ ಯಾವ ಬಣ್ಣ ಇದೆ, ಎಲ್ಲಿ ತೇವ ಕೂತಿದೆ, ಎಲ್ಲಿ ಮೇಸ್ತ್ರಿ ಮೋಸ ಮಾಡಿದ್ದಾನೆ ಎಂದೆಲ್ಲ.

"ನಿಮ್ಮ ಕೋಣೆ ಗೋಡೆ ಯಾವ ಬಣ್ಣ?"

ಅವಳು ಯೋಚಿಸಿದಳು. ತುಂಬ ಹೊತ್ತು ಯೋಚಿಸಿದಳು.

"ಗೊತ್ತಿಲ್ಲ... ದೀಪ ಹಾಕೋದೇ ಕಡಿಮೆ."

ಅವನು ನಗುತ್ತಾನೆ ಎಂದುಕೊಂಡಳು. ಅವನು ನಗದೆ, "ಇವತ್ತು ಹಾಕಿ ನೋಡಿ. ನಾಳೆ ಹೇಳಿ," ಎಂದ.

ಅಂದು ಸಂಜೆ ದೀಪ ಹಾಕಿ ಕೋಣೆಯ ನಡುವೆ ನಿಂತಳು. ಹಾಲು ಕೆಟ್ಟಾಗಿನ ಬಿಳಿ. ಮಂಚದ ತಲೆದೆಸೆಯಲ್ಲಿ ಮಾತ್ರ, ಅವಳು ದಿನಾ ತಲೆ ಆನಿಸಿ ಕೂರುವ ಕಡೆ, ಒಂದು ಎಣ್ಣೆಯ ಕಲೆ. 'ನಾನು ಇಲ್ಲಿದ್ದೀನಿ ಅನ್ನೋದಕ್ಕೆ ಇದೊಂದೇ ಗುರುತು...' ಎನ್ನಿಸಿತು.

ಮರುದಿನ ಅದನ್ನೂ ಹೇಳಿದಳು. ಬೀಗ ಹಾಕಿದ ಬಾಗಿಲಿನ ವಿಷಯವನ್ನೂ ಹೇಳಿದಳು. ಯಾರ ಮುಂದೆಯೂ ಬಿಚ್ಚಿಡದ ಮಾತು, ಪೇಂಟರನ ಮುಂದೆ ತಾನಾಗಿ ಬಂತು.

ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದ ಮಾವ, "ಬಿಡು ಹತ್ತೀ, ಆ ಅಣ್ಣ ಹೋದ್ರೆ ಈ ಅಣ್ಣ ಇದಾನಲ್ಲ! ಮುಂದಿನ ಹಬ್ಬಕ್ಕೆ ಇವನಿಗೇ ಕಟ್ಟು," ಎಂದರು.

ಪೇಂಟರ್ ತಟಕ್ಕನೆ ಎದ್ದು ನಿಂತ. "ನಾನು ಬರ್ತೀನಿ," ಎಂದು ಹೊರಟೇಬಿಟ್ಟ.

'ಅಷ್ಟೊಂದು ಬೇಡವಾದೆನಾ?' ಅವಳು ಬೆಂಚಿನ ಖಾಲಿ ಜಾಗವನ್ನು ನೋಡುತ್ತ ಕುಳಿತಳು.

*

ಪ್ಲಾಸ್ಟರ್ ತೆಗೆಯುವ ದಿನ ಬಂತು. ಗುಂಯ್ಗುಡುವ ಗರಗಸ ಕಂಡು ಪೇಂಟರ್ ಕೈ ಹಿಂದಕ್ಕೆಳೆದ.

"ಇದು ಚರ್ಮ ಕೊಯ್ಯಲ್ಲ. ನೋಡಿ," ಎಂದು ಹತ್ತಿ ನಡುಗುವ ಆ ಅಲಗಿಗೆ ತನ್ನ ಅಂಗೈಯನ್ನೇ ತಾಗಿಸಿ ತೋರಿಸಿದಳು. ಆಮೇಲೆ ಅವನು ಕಣ್ಣು ಮುಚ್ಚಲಿಲ್ಲ. ಗರಗಸವನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ.

ಚಿಪ್ಪು ಒಡೆದು ಕೈ ಹೊರಬಂತು. ಬಡಕಲಾಗಿ, ಬಿಳಿಚಿ, ಬೇರೆ ಯಾರದೋ ಕೈಯಂತೆ ಇತ್ತು. ಅವಳು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ, ಒಣ ಸಿಪ್ಪೆಯನ್ನೆಲ್ಲ ನಿಧಾನವಾಗಿ ಒರೆಸಿದಳು.

ನಂತರ ಡಬ್ಬಿ ತೆರೆದಳು. ಹತ್ತಿಯ ಮೇಲೆ ಕೆಂಪು ದಾರ.

"ಕಟ್ಟು, ಕಟ್ಟು," ಎಂದರು ಮಾವ. "ಬಿಚ್ಚಿದ ಕೈಯೇ ಕಟ್ಟಲಿ."

ಅವಳು ದಾರವನ್ನು ಅವನ ಮಣಿಕಟ್ಟಿನ ಮೇಲಿಟ್ಟಳಷ್ಟೇ.

ಕೆಂಡ ತಾಗಿದವನಂತೆ ಅವನು ಕೈ ಕಿತ್ತುಕೊಂಡ!

"ಬೇಡ! ಈ ದಾರ ನೀವು ಕಟ್ಟಬೇಡಿ."

ಹೊರಗಿನ ಬೆಂಚಿನವರೂ ನೋಡುತ್ತಿದ್ದರು.

"ಬೇರೆ ಯಾರಾದ್ರೂ ಕಟ್ಟಲಿ... ನೀವು ಮಾತ್ರ..."

ಅವಳು ದಾರವನ್ನು ಮತ್ತೆ ಹತ್ತಿಯ ಮೇಲೆ ಮಲಗಿಸಿ, ಡಬ್ಬಿಯನ್ನು ಅವನ ಪಕ್ಕದಲ್ಲಿಟ್ಟಳು. ಮುಚ್ಚಳ ಹಾಕುವುದನ್ನು ಮರೆಯಲಿಲ್ಲ. ಸದ್ದಿಲ್ಲದೆ ನಡೆದು ಹೊರಗೆ ಹೋದಳು.

'ಅವನ ಅಕ್ಕ ಹಲ್ಲಲ್ಲಿ ಕಚ್ಚಿ ಕಟ್ಟಿದ ದಾರ. ಅದನ್ನು ಕಟ್ಟೋಕೆ ನಾನ್ಯಾರು? ಗಂಟು ಬಿಚ್ಚೋದಕ್ಕೆ ಬೇಕಾದೆ, ಅಷ್ಟೇ. ಸ್ವಂತ ಅಣ್ಣನಿಗೇ ಬೇಡವಾದವಳು...'

ಮರುದಿನ ಅವಳು ಮಾವನ ಮುಂದೆ ನಿಂತಳು.

"ನನ್ನನ್ನ ಕೆಳಗಿನ ಬಟ್ಟೆ ಕೋಣೆಗೆ ಹಾಕಿಸಿ ಮಾವಾ. ಶಾಶ್ವತವಾಗಿ."

"ಹುಚ್ಚಾ ನಿಂಗೆ? ನೆಲಮಾಳಿಗೆ ಅದು. ಅಲ್ಲಿ ಗೋಡೆ ಜೊತೆ ಮಾತಾಡ್ತೀಯಾ?"

"ಗೋಡೆ ಕೈ ಎಳ್ಕೊಳ್ಳಲ್ಲ."

ಮಾವ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು.

"ಈ ವಾರ ಹೋಗಿ ನೋಡು," ಎಂದರು. "ಶನಿವಾರ ಕೇಳ್ತೀನಿ. ಆಗಲೂ ಹೂಂ ಅಂದ್ರೆ ಆಫೀಸಿಗೆ ಹೇಳ್ತೀನಿ. ಹೇಳಿದ ಮೇಲೆ ನಿನ್ನ ಜಾಗಕ್ಕೆ ಬೇರೆಯವರು ಬರ್ತಾರೆ. ವಾಪಸ್ ಅಂದ್ರೆ ಆಗಲ್ಲ."

*

ನೆಲಮಾಳಿಗೆಯಲ್ಲಿ ಕಿಟಕಿ ಇರಲಿಲ್ಲ. ಒಗೆದ ಹಾಸಿಗೆಬಟ್ಟೆಗಳ ಗುಡ್ಡ, ಸೋಪಿನ ವಾಸನೆ, ಒಂದು ಬಲ್ಬು. ಹತ್ತಿ ಬೆಳಗಿನಿಂದ ಸಂಜೆಯವರೆಗೆ ಮಡಿಸುತ್ತಿದ್ದಳು. ಇಡೀ ದಿನ ಒಂದು ಮಾತೂ ಆಡದೆ ಮನೆಗೆ ಹೋಗುವುದು ಸಾಧ್ಯ ಎಂದು ಅವಳಿಗೆ ತಿಳಿಯಿತು. ಅದು ಅಷ್ಟು ಸುಲಭ ಎಂಬುದಕ್ಕೇ ಅವಳಿಗೆ ಭಯವಾಯಿತು.

ಶನಿವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಮಾವ ಉತ್ತರ ಕೇಳಲು ಬಂದರು ಎಂದುಕೊಂಡು, "ಹೂಂ ಮಾವಾ, ಆಫೀಸಿಗೆ ಹೇಳಿಬಿಡಿ," ಎಂದಳು, ತಿರುಗದೆಯೇ.

"ಏನಂತ ಹೇಳ್ಬೇಕು?"

ಆ ದನಿ...!

ಪೇಂಟರ್ ಬಾಗಿಲಲ್ಲಿ ನಿಂತಿದ್ದ. ಬಲಗೈಯಲ್ಲಿ ಕೆಂಪು ದಾರ, ಹಲ್ಲಲ್ಲಿ ಕಚ್ಚಿ ಎಳೆದ ಅದೇ ಓರೆಕೋರೆ ಗಂಟು.

"ಮಾವ ದಾರೀಲಿ ಸಿಕ್ಕಿ ಬೈದ್ರು. ಮನೇಲಿ ಅಕ್ಕನೂ ಬೈದಳು. ಲಕ್ವ ಹೊಡೆದ ಮೇಲೆ ಅವಳಿಗೆ ಮಾತು ತೊದಲುತ್ತೆ, ಬೈಗುಳ ಮಾತ್ರ ಅಚ್ಚುಕಟ್ಟಾಗಿ ಬರುತ್ತೆ. 'ಕತ್ತೆ, ಕಾರಣ ಹೇಳದೆ ಆ ಹುಡುಗಿ ಎದುರು ಕೈ ಎಳ್ಕೊಂಡು ಬಂದ್ಯಾ?' ಅಂದ್ಲು."

"ಕಾರಣ ಗೊತ್ತು ನನಗೆ." ಅವಳು ಮಡಿಸುತ್ತಿದ್ದ ದುಪ್ಪಟಿಯ ಅಂಚು ಹಿಂಡಿದಳು. "ನಾನು ನಿಮ್ಮ ಅಕ್ಕನ ದಾರ ಮುಟ್ಟೋ ಯೋಗ್ಯತೆ..."

"ಅಯ್ಯೋ ದೇವರೇ!" ಅವನು ಎರಡೇ ಹೆಜ್ಜೆಗೆ ಒಳಗೆ ಬಂದ. "ಅದು ರಾಖಿ ಕಣ್ರೀ! ಅದನ್ನ ಕಟ್ಟಿದ ಗಳಿಗೆಯಿಂದ ಕಟ್ಟಿದವಳು ಅಕ್ಕನೋ ತಂಗಿಯೋ ಆಗಿಬಿಡ್ತಾಳೆ. ಆಮೇಲೆ ಬಿಚ್ಚಿದ್ರೂ ಆ ಸಂಬಂಧ ಬಿಚ್ಚಲ್ಲ ಅಂತ ಅಕ್ಕ ಚಿಕ್ಕಂದಿನಿಂದ ಹೇಳಿಕೊಟ್ಟಿದಾಳೆ. ನೀವು ಕಟ್ಟಿಬಿಟ್ಟಿದ್ರೆ... ನಾನು ಏನು ಮಾಡಬೇಕಿತ್ತು ಹೇಳಿ?"

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ ಬಟ್ಟೆಯ ಗುಡ್ಡಕ್ಕೆ ಒರಗಿದಳು.

"ಮಾವ ಅಣ್ಣ ಅಂದಾಗ ಎದ್ದು ಹೋದದ್ದು...?"

"ಇನ್ನೊಂದು ನಿಮಿಷ ಕೂತಿದ್ರೆ ನೀವೂ ಹೂಂ ಅಂತೀರೇನೋ ಅಂತ ಭಯ. ನಿಮ್ಮ ಅಣ್ಣನ ಜಾಗ ನನಗೆ ಬೇಡ. ಅದು ಅವರದು. ಬಾಗಿಲಿಗೆ ಬೀಗ ಇದ್ರೂ ಅವರದೇ. ಅದರಲ್ಲಿ ಬೇರೆಯವರನ್ನ ಕೂರಿಸಬಾರದು. ನಾನು ಕೇಳ್ತಿರೋದು ಬೇರೆ ಜಾಗ."

ಅವಳ ಕಣ್ಣಿಂದ ನೀರು ಇಳಿಯಿತು. ಆದರೆ ಅವಳು ಆಡಿದ್ದು ಕೋಪದ ಮಾತು. ಅವಳ ದನಿ ಅಷ್ಟು ಗಟ್ಟಿಯಾಗಿ ಅವಳಿಗೇ ಎಂದೂ ಕೇಳಿಸಿರಲಿಲ್ಲ.

"ಅವತ್ತೇ ಹೇಳೋಕೆ ಏನಾಗಿತ್ತು? ಅಷ್ಟು ಜನರ ಎದುರು! ನಾನು ಮನೆಗೆ ಹೋಗಿ ಅನ್ನ ಸಹ ಬೇಯಿಸಿಲ್ಲ, ಗೊತ್ತಾ?"

"ತಪ್ಪಾಯ್ತು. ಬೈರಿ, ಇನ್ನೂ ಬೈರಿ."

"ಬೈತೀನಿ! ನಿಮಗೂ ಕೋಪ ಬಂದ್ರೆ ನನ್ನ ಬೈರಿ. ಜಗಳ ಆಡಿ. ಏನು ಬೇಕಾದ್ರೂ ಅನ್ನಿ. ಆದ್ರೆ... ಆದ್ರೆ ಸುಮ್ನೆ ಬರೋದು ನಿಲ್ಲಿಸಬೇಡಿ. ನನ್ನವರು ಯಾರೂ ನನ್ನ ಜೊತೆ ಜಗಳ ಆಡಿ ಹೋಗಲಿಲ್ಲ. ಸುಮ್ನೆ... ಬರೋದು ನಿಲ್ಲಿಸಿದ್ರು. ಅದನ್ನ ಇನ್ನೊಂದು ಸಲ ತಡ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಅವನು ತಕ್ಷಣ ಮಾತು ಕೊಡಲಿಲ್ಲ. ಹಾಗೆ ಕೊಟ್ಟಿದ್ದರೆ ಅವಳು ನಂಬುತ್ತಿರಲಿಲ್ಲವೇನೋ. ಗುಡ್ಡದಿಂದ ಒಂದು ದುಪ್ಪಟಿ ಎಳೆದು, ಎರಡು ಮೂಲೆ ಅವಳ ಕೈಗೆ ಕೊಟ್ಟು, ಇನ್ನೆರಡನ್ನು ತಾನು ಹಿಡಿದು ಹಿಂದೆ ಸರಿದ. ಬಡಕಲು ಕೈಯಲ್ಲಿ ಬಟ್ಟೆ ಜೋತುಬಿತ್ತು.

"ಹಾಗಲ್ಲ," ಎಂದಳು ಅವಳು ಮೂಗು ಒರೆಸಿಕೊಂಡು. "ಜಗ್ಗಿ ಹಿಡೀಬೇಕು. ಈಗ ಮೂಲೆಗೆ ಮೂಲೆ ಸೇರಿಸಿ ನನ್ನ ಕಡೆ ಬನ್ನಿ."

ಅವನು ಬಂದ. ನಾಲ್ಕು ಮೂಲೆಗಳು ಒಂದಾದವು. ಅವಳ ಬೆರಳುಗಳ ಮೇಲೆ ಅವನ ಬೆರಳುಗಳಿದ್ದವು. ಇಬ್ಬರೂ ಬಿಡಲಿಲ್ಲ.

"ಇನ್ನೂ ಎಷ್ಟಿವೆ?" ಎಂದ ಅವನು ಮೆಲ್ಲಗೆ.

"ತುಂಬಾ ಇವೆ."

"ಒಳ್ಳೇದಾಯ್ತು," ಎಂದ. "ಇನ್ನೊಂದು ಕೊಡಿ."