ಲಾಂಚಿನ ಕ್ಯಾಪ್ಟನ್

"ಆ ಕ್ಯಾಪ್ಟನ್ ಮಾಡಿದ್ದೇ ಸರಿ!"

ಎಂಜಿನ್ ಸದ್ದನ್ನೂ ಮೀರಿ ಬಂದ ಆ ದನಿಗೆ ವನಮಾಲಾ ಓದುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಯಾರಪ್ಪಾ ಇದು? ಡ್ರೈವರ್ ಗೂಡಿನ ಕಿಟಕಿಯಲ್ಲಿ ತೆಳ್ಳನೆಯ ಹುಡುಗನೊಬ್ಬ ನಗುತ್ತಿದ್ದ. ಲಾಂಚಿಗೆ ಹೊಸದಾಗಿ ಬಂದ ಡ್ರೈವರ್, ಶ್ಯಾಮ.

"ನಿಮ್ಮನ್ನ ಯಾರು ಕೇಳಿದ್ರು? ನೀವು ಲಾಂಚ್ ನೋಡ್ಕೊಳ್ಳಿ!" ಎಂದಳು.

ಇಡೀ ಲಾಂಚು ಗೊಳ್ಳೆಂದು ನಕ್ಕಿತು. ವನಮಾಲಾಳ ಕಿವಿ ಕೆಂಪಾಯಿತು.

ಎಂಬತ್ತರ ದಶಕದ ಆರಂಭದ ಮಾತಿದು. ಶರಾವತಿ ಹಿನ್ನೀರಿನ ಆಚೆ ದಡದವರಿಗೆ ಸಾಗರದಿಂದ ಏನು ಬಂದರೂ ಲಾಂಚಿನಲ್ಲೇ ಬರಬೇಕು. ಸೀಮೆಎಣ್ಣೆ, ಮಾತ್ರೆ, ಮದುವೆ ದಿಬ್ಬಣ, ಕೊನೆಗೆ ವಾರಪತ್ರಿಕೆ ಕೂಡ! ಊರಿನ ವಾಚನಾಲಯಕ್ಕೆ ಬರುತ್ತಿದ್ದದ್ದು ಒಂದೇ ಪ್ರತಿ. ಸಾಗರಕ್ಕೆ ಹೊಲಿಗೆ ಕಲಿಯಲು ಹೋಗುವ ವನಮಾಲಾ ಪ್ರತಿ ಗುರುವಾರ ಅದನ್ನು ತರುತ್ತಿದ್ದಳು. ಊರು ಮುಟ್ಟುವ ತನಕ ಕಾಯುವ ತಾಳ್ಮೆ ಯಾರಿಗಿತ್ತು? ಹಾಗಾಗಿ ಲಾಂಚಿನಲ್ಲೇ ನಿಂತು ಅವಳು ಗಟ್ಟಿಯಾಗಿ ಓದಬೇಕು, ದಡ ಸಿಗುವಷ್ಟರಲ್ಲಿ ಮುಗಿಸಬೇಕು. ಇದು ಅಲ್ಲಿನ ರೂಢಿ.

ಎಲ್ಲರೂ ಕಾಯುತ್ತಿದ್ದದ್ದು 'ಅನಂತಯಾನ' ಧಾರಾವಾಹಿಗೆ. ನಕ್ಷತ್ರಗಳ ನಡುವೆ ಹೋಗುವ ಒಂದು ನೌಕೆ, ಅದರ ಕ್ಯಾಪ್ಟನ್ ಅರಿಂದಮ, ಅವನ ಕೈಕೆಳಗಿನ ಅಧಿಕಾರಿ ಮೇಧಾ. ಆ ವಾರ ಉಲ್ಕೆಗಳ ಮಳೆ ಶುರುವಾಗಿತ್ತು. ಮುದುಕ ಮೆಕ್ಯಾನಿಕ್ ಇನ್ನೂ ಕೆಳಗೆ ಗ್ರಹದ ಮೇಲೇ ಇದ್ದ. "ಸ್ವಲ್ಪ ಕಾಯೋಣ," ಎಂದು ಮೇಧಾ ಅಂಗಲಾಚಿದಳು. ಅರಿಂದಮ ಕೇಳಲಿಲ್ಲ. ಬಾಗಿಲು ಮುಚ್ಚಿ ನೌಕೆ ಹಾರಿಸಿಬಿಟ್ಟ!

ಲಾಂಚು ಎರಡು ಪಕ್ಷವಾಯಿತು. ರೈಲನ್ನೇ ಹತ್ತದ ವಿಶಾಲಮ್ಮನಿಗೂ ಬಾಹ್ಯಾಕಾಶ ನೌಕೆ ಹೇಗೆ ನಡೆಸಬೇಕು ಅಂತ ಚೆನ್ನಾಗಿ ಗೊತ್ತಿತ್ತು. "ಆ ಹುಡುಗಿ ಕೈಗೆ ಕೊಡ್ಲಿ ನೌಕೇನ. ಅವಳಿಗೆ ಕರುಳು ಅಂತ ಒಂದಿದೆ," ಎಂದು ಅವರು ಎಲೆಯಡಿಕೆ ಬಾಯಿಗೆ ತುಂಬಿಕೊಂಡರು.

"ಒಬ್ಬನಿಗೋಸ್ಕರ ಒಳಗಿರೋರನ್ನೆಲ್ಲ ಸಾಯಿಸ್ಬೇಕಾ?" ಶ್ಯಾಮ ಬಿಡಲಿಲ್ಲ.

"ಕಾಯೋಕೆ ಬಾರದವನು ಕ್ಯಾಪ್ಟನ್ ಆಗ್ಬಾರ್ದು!" ಎಂದಳು ವನಮಾಲಾ.

"ಕಾಯ್ತಾ ಕೂತವನು ಕ್ಯಾಪ್ಟನ್ ಅಲ್ವೇ ಅಲ್ಲ!"

ಇವನಿಗೆಷ್ಟು ಸೊಕ್ಕು! ಎಂದುಕೊಂಡಳು ವನಮಾಲಾ. ಆದರೆ ಮುಂದಿನ ಗುರುವಾರ ಸೀರೆ ಆರಿಸುವಾಗ ನೀಲಿಯದು ಬೇಡವೆನಿಸಿ ಹಳದಿ ಉಟ್ಟಳು. ಯಾಕೆಂದು ಅವಳನ್ನೇ ಕೇಳಬೇಕು.

ಆ ಗುರುವಾರ ಅಧ್ಯಾಯ ಉದ್ದವಿತ್ತು. ದಡ ಹತ್ತಿರವಾಗುತ್ತಿತ್ತು, ಪುಟಗಳು ಇನ್ನೂ ಉಳಿದಿದ್ದವು. ಅವಳು ಅವಸರದಲ್ಲಿ ತಡವರಿಸಿದಾಗ ಎಂಜಿನ್ ಸದ್ದು ಮೆಲ್ಲನೆ ಇಳಿಯಿತು. ಲಾಂಚು ನೀರಿನ ಮೇಲೆ ತೂಕಡಿಸುವಂತೆ ಸಾಗಿತು. ವನಮಾಲಾ ಕಿಟಕಿಯತ್ತ ನೋಡಿದರೆ ಶ್ಯಾಮ ಏನೂ ಗೊತ್ತಿಲ್ಲದವನಂತೆ ಮುಂದೆ ನೋಡುತ್ತಿದ್ದ.

ಹಗ್ಗ ಎಸೆಯುವ ಗುತ್ಯಪ್ಪ ಗೊಣಗಿದ. "ಇವನಿಗೆ ಕಥೆ ಬೇಕೋ, ಕಥೆ ಓದೋಳು ಬೇಕೋ!"

ಆಮೇಲೆ ಪ್ರತಿ ಗುರುವಾರ ಜಗಳ, ಪ್ರತಿ ಗುರುವಾರ ನಿಧಾನ. ದೀಪಾವಳಿ ಕಳೆದ ಮೇಲೆ ಮನೆಗೆ ಬಂದು ನಿಮ್ಮಪ್ಪಯ್ಯನ ಹತ್ತಿರ ಮಾತಾಡುತ್ತೇನೆ ಎಂದ ಶ್ಯಾಮ. ಅವಳು "ಅರಿಂದಮನ ಕಡೆಯವರಿಗೆ ನಮ್ಮಪ್ಪಯ್ಯ ಕಾಫಿ ಕೊಡಲ್ಲ," ಎಂದಳು. ಅವಳ ಪ್ರಕಾರ ಅದು ಒಪ್ಪಿಗೆ.

ದೀಪಾವಳಿ ಬರಲಿಲ್ಲ. ಅದಕ್ಕೂ ಮೊದಲೇ ಅಪ್ಪಯ್ಯನಿಗೆ ಎದೆನೋವು ಬಂತು.

ಬೆತ್ತದ ಕುರ್ಚಿಗೆ ಬಿದಿರು ಕಟ್ಟಿ, ಕೇರಿಯವರು ಹೊತ್ತು, ಜಾರುವ ಇಳಿಜಾರಿನಲ್ಲಿ ಲಾಂಚಿನ ಕಡೆ ಇಳಿದರು. ವನಮಾಲಾ ಚಪ್ಪಲಿ ಬಿಟ್ಟು ಮುಂದೆ ಓಡಿದಳು. ಕೊನೆಯ ತಿರುವು ದಾಟಿ ನೋಡುತ್ತಾಳೆ... ಲಾಂಚು ದಡ ಬಿಡುತ್ತಿದೆ!

"ಶ್ಯಾಮಾ! ನಿಲ್ಸಿ... ನಿಲ್ಸೀ!"

ಅವನು ತಿರುಗಿ ನೋಡಿದ. ಅವಳು ಅದನ್ನು ಕಣ್ಣಾರೆ ಕಂಡಳು. ನೋಡಿಯೂ ಅವನು ಲಾಂಚು ತಿರುಗಿಸಲಿಲ್ಲ.

ಅಪ್ಪಯ್ಯ ದಡದಲ್ಲೇ ಹೋಗಿಬಿಟ್ಟರು. ಮಗಳ ಸೆರಗು ಹಿಡಿದುಕೊಂಡು, ಆಚೆ ದಡ ನೋಡುತ್ತಾ.

ಲಾಂಚು ವಾಪಸು ಬಂದಾಗ ಶ್ಯಾಮ ಹಗ್ಗ ಕಟ್ಟುವುದಕ್ಕೂ ನಿಲ್ಲದೆ ಹಾರಿ ಓಡಿಬಂದ. ಅವಳು ಅಪ್ಪಯ್ಯನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಬಂದ್ರಾ? ನಿಮ್ಮ ಅರಿಂದಮ ಗೆದ್ದ. ಹೋಗಿ."

"ವನಮಾಲಾ, ಒಂದು ಮಾತು..."

"ಕಥೆಗೋಸ್ಕರ ಲಾಂಚು ನಿಧಾನ ಮಾಡೋರು ನೀವು. ನಮ್ಮಪ್ಪಯ್ಯನಿಗೋಸ್ಕರ ಒಂದು ಚೂರು ನಿಲ್ಲೋಕಾಗ್ಲಿಲ್ಲ ಅಲ್ವಾ?"

ಅವನು ತಲೆ ತಗ್ಗಿಸಿ ಹೋದ. ತಪ್ಪಿಲ್ಲದವನು ಹಾಗೆ ಹೋಗುತ್ತಾನಾ? ಅವಳಿಗೆ ಅಷ್ಟೇ ಸಾಕಾಯಿತು.

ಲಾಂಚಿನಲ್ಲಿ ದೂರದ ಊರಿನ ಬಸುರಿಯೊಬ್ಬಳಿದ್ದಳು, ನೋವು ತಿನ್ನುತ್ತಿದ್ದಳು ಎಂದು ಯಾರೋ ಹೇಳಿದರು. "ಹೆರಿಗೆ ನೋವು ಹೊತ್ತುಗಟ್ಟಲೆ ಇರ್ತದೆ. ಎದೆನೋವು ಇರ್ತದಾ?" ಎಂದು ವನಮಾಲಾ ಅವರ ಬಾಯಿ ಮುಚ್ಚಿಸಿದಳು. ಆಮೇಲೆ ಅವಳ ಮುಂದೆ ಆ ಮಾತೆತ್ತುವ ಧೈರ್ಯ ಯಾರಿಗೂ ಬರಲಿಲ್ಲ.

ಬೇಸಿಗೆ ಬಂತು. ವನಮಾಲಾ ಮತ್ತೆ ಸಾಗರಕ್ಕೆ ಹೋಗತೊಡಗಿದಳು. ಮತ್ತೆ ಪತ್ರಿಕೆ, ಮತ್ತೆ ಓದು. ಆದರೆ ಈಗ ಅವಳು ಗೂಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಎಂಜಿನ್ ನಿಧಾನವಾದರೆ ಬೇಕೆಂದೇ ಪತ್ರಿಕೆ ಮಡಚಿಬಿಡುತ್ತಿದ್ದಳು. ದ್ವೇಷ ಅವಳನ್ನು ಬೆಳಿಗ್ಗೆ ಎಬ್ಬಿಸುತ್ತಿತ್ತು, ಅದೇ ಅವಳಿಗೆ ಊಟ ಮಾಡಿಸುತ್ತಿತ್ತು.

ಒಂದು ಗುರುವಾರ ಪತ್ರಿಕೆಯವರೇ ಕೇಳಿದ್ದರು: ನೌಕೆಯ ನಾಯಕತ್ವ ಅರಿಂದಮನಿಗೇ ಇರಲೇ, ಮೇಧಾಳಿಗೆ ಕೊಡೋಣವೇ? ಓದುಗರೇ, ತಿಳಿಸಿ.

"ಮೇಧಾಗೆ ಅನ್ನೋರು ಕೈ ಎತ್ತಿ," ಎಂದಳು ವನಮಾಲಾ. ಕೈಗಳು ಮೇಲೆದ್ದವು. "ಹಾಗೇ ಇರ್ಲಿ, ಇಳಿಸ್ಬೇಡಿ. ಈ ಲಾಂಚಿಗೂ ಬೇರೆ ಡ್ರೈವರ್ ಬೇಕು ಅಂತ ಮೇಲಿನವರಿಗೆ ಹೇಳೋಣ. ದಡದಲ್ಲಿ ಮನುಷ್ಯರನ್ನ ಬಿಟ್ಟು ಹೋಗೋರು ನಮಗೆ ಬೇಡ."

ಕೆಲವು ಕೈ ಇಳಿದವು, ಹೆಚ್ಚಿನವು ಹಾಗೇ ಇದ್ದವು. ಶ್ಯಾಮ ಹಿಂದಿರುಗಿ ನೋಡಲಿಲ್ಲ.

ಆಗ ಮೂಲೆಯ ಬೆಂಚಿನಿಂದ ಒಬ್ಬ ಹೆಂಗಸು ಎದ್ದಳು. ತಿಂಗಳುಗಟ್ಟಲೆ ತವರಿನಲ್ಲಿದ್ದು ಈಗ ಗಂಡನ ಮನೆಗೆ ಮರಳುತ್ತಿದ್ದವಳು. ಹೆಸರು ಲಕ್ಷ್ಮೀ.

"ನಾನೂ ಎತ್ತುತೀನಿ ಕೈ," ಎಂದಳು. "ಆದ್ರೆ ಇವ್ರು ಬಿಟ್ಟು ಹೋದ್ರು ಅಂತಲ್ಲ. ಕಾದ್ರು ಅಂತ!"

"ಎಂತ ಹೇಳ್ತಿದೀರಿ ನೀವು?" ಎಂದಳು ವನಮಾಲಾ.

"ಆವತ್ತು ನಾನು ಇಲ್ಲೇ ಮಲಗಿದ್ದೆ, ಈ ಹಲಗೆ ಮೇಲೆ. ರಕ್ತ ಹೋಗ್ತಾನೇ ಇತ್ತು. ಹೊರಡಿ ಹೊರಡಿ ಅಂತ ಅತ್ತೆ ಇವ್ರ ಕಾಲು ಹಿಡಿದ್ರು. ಗುಡ್ಡದ ಮೇಲಿಂದ ಯಾರನ್ನೋ ಹೊತ್ಕೊಂಡು ಇಳೀತಿದಾರೆ, ಒಂದ್ಚೂರು, ಇನ್ನೊಂದ್ಚೂರು ಅಂತ ಇವ್ರು ಕಾಯ್ತಾನೇ ಇದ್ರು. ನನಗೆ ಪ್ರಜ್ಞೆ ತಪ್ಪಿದ ಮೇಲೇ ಹೊರಟಿದ್ದಂತೆ." ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಸ್ವಲ್ಪ ಮುಂಚೆ ತಂದಿದ್ರೆ ಕೂಸು ಉಳೀತಿತ್ತು ಅಂದ್ರು ಡಾಕ್ಟ್ರು."

ವನಮಾಲಾಳ ಕೈಯಿಂದ ಪತ್ರಿಕೆ ಜಾರಿತು.

ಕಾದಿದ್ದನಾ?... ತಿರುವಿನಾಚೆ ತಾನು ಓಡುತ್ತಿದ್ದಷ್ಟು ಹೊತ್ತೂ ಲಾಂಚು ದಡದಲ್ಲೇ ನಿಂತಿತ್ತಾ?

ಅವಳು ಲಕ್ಷ್ಮಿಯನ್ನು ಕೂರಿಸಿ ಪಕ್ಕದಲ್ಲಿ ಕೂತಳು. "ನಮಗೋಸ್ಕರ ಕಾದದ್ದು ಅವ್ರು. ಹೊತ್ಕೊಂಡು ಬರ್ತಿದ್ದದ್ದು ನಮ್ಮಪ್ಪಯ್ಯನ್ನ."

ಲಕ್ಷ್ಮೀ ಅವಳನ್ನೇ ನೋಡಿದಳು. ಬೈಯಲಿಲ್ಲ. "ಉಳಿದ್ರಾ ಅವರಾದ್ರೂ?"

"ಇಲ್ಲ."

"ಹಾಗಾದ್ರೆ... ಎಂತಕ್ಕೆ ಕಾದ್ರು ಅವ್ರು?"

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತರು. ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿದವು.

ದಡ ಬಂತು. ಜನ ಇಳಿದರು. ಲಕ್ಷ್ಮಿಯನ್ನು ವಿಶಾಲಮ್ಮ ತೋಳು ಹಿಡಿದು ಇಳಿಸಿಕೊಂಡರು. ವನಮಾಲಾ ಮಾತ್ರ ಇಳಿಯದೆ ಗೂಡಿನ ಬಾಗಿಲಿಗೆ ಬಂದು ನಿಂತಳು.

"ಯಾಕೆ ಹೇಳ್ಲಿಲ್ಲ?"

ಶ್ಯಾಮ ಚಕ್ರದ ಮೇಲಿನ ಎಣ್ಣೆ ಕಲೆ ಒರೆಸುತ್ತಲೇ ಇದ್ದ. "ಏನಂತ ಹೇಳ್ಲಿ? ನಿಮ್ಮಪ್ಪಯ್ಯನಿಗೋಸ್ಕರ ಕಾದೆ, ಅದಕ್ಕೇ ಒಂದು ಕೂಸು ಹೋಯ್ತು ಅಂತಲಾ? ಆವತ್ತು ನಿಮ್ಮ ತೊಡೆ ಮೇಲೆ ಅವ್ರಿದ್ರು. ಆಮೇಲೆ ಸಾಗರದಿಂದ ಕೂಸಿನ ಸುದ್ದಿ ಬಂತು. ಅದನ್ನೂ ನಿಮ್ಮ ಮೇಲೆ ಹೇರ್ಲಾ?"

"ನಾನು ನಿಮಗೆ ಎಷ್ಟು ಕೆಟ್ಟದ್ದು ಬಯಸ್ದೆ..."

"ಗೊತ್ತು. ಬೆನ್ನು ತೋರಿಸ್ಕೊಂಡೇ ಓದ್ತಿದ್ರಲ್ಲ." ಅವನು ನಗಲು ನೋಡಿದ. ಆಗಲಿಲ್ಲ. "ಬೇರೆ ಯಾರಾದ್ರೂ ಇಳೀತಿದ್ರೆ ನಾನು ಹೊರಟುಬಿಡ್ತಿದ್ದೆ ವನಮಾಲಾ. ಖಂಡಿತ ಹೊರಡ್ತಿದ್ದೆ. ಕುರ್ಚಿ ಹಿಂದೆ ನಿಮ್ಮ ಹಳದಿ ಸೀರೆ ಕಂಡಿತು. ಕಾಲು ಏಳ್ಲಿಲ್ಲ. ಕೊನೆಗೆ ಇತ್ಲಾಗೂ ಇಲ್ಲ, ಅತ್ಲಾಗೂ ಇಲ್ಲ. ಅರಿಂದಮನೂ ಆಗ್ಲಿಲ್ಲ, ಮೇಧಾನೂ ಆಗ್ಲಿಲ್ಲ ನಾನು."

ಅಯ್ಯೋ ದೇವರೇ... ಪ್ರೀತಿಸಿದ್ದೇನೆ ಅಂತ ಹೇಳುವುದಕ್ಕೆ ಇವನಿಗೆ ಸಿಕ್ಕಿದ್ದು ಇದೊಂದೇ ಮಾತಾ! ಆ ಪ್ರೀತಿಗೆ ಒಂದು ಕೂಸಿನ ಜೀವ ಹೋಗಿತ್ತು. ಇದಕ್ಕೆ ಹೇಗೆ ಸಂತೋಷ ಪಡುವುದು? ಬೇಡವೆಂದು ಹೇಗೆ ತಳ್ಳುವುದು?

"ನಾಳೆಯಿಂದ ಬೇರೆಯವ್ರು ಬರ್ತಾರೆ," ಎಂದ ಶ್ಯಾಮ. "ನೀವು ಕೈ ಎತ್ತಿಸೋ ಮೊದ್ಲೇ ಕೇಳ್ಕೊಂಡಿದ್ದೆ. ಈ ದಡ ನೋಡೋಕಾಗಲ್ಲ ನನಗೆ."

"ನನಗೆ ಆಗ್ತದಾ? ನೀವು ಹೊರಟುಹೋದ್ರೆ ಇದನ್ನ ನಾನೊಬ್ಬಳೇ ನೋಡ್ಬೇಕಾ?" ಅವಳು ಅಳುತ್ತಾ ಗದರಿದಳು. "ಅರ್ಧ ನನಗೆ ಕೊಡಿ. ಲಕ್ಷ್ಮಿ ಮನೆಗೆ ಇಬ್ರೂ ಹೋಗೋಣ. ಬಾಗಿಲಲ್ಲೇ ಬೈದು ಕಳಿಸ್ಲಿ, ಬೈಸ್ಕೊಳ್ಳೋಣ. ಆದ್ರೆ ಇನ್ನೊಂದ್ಸಲ ನನ್ನನ್ನ ದಡದಲ್ಲಿ ಬಿಟ್ಟು ಹೋಗ್ಬೇಡಿ ಶ್ಯಾಮ... ನನ್ನ ಕೈಲಾಗಲ್ಲ."

ಅವನ ಕಣ್ಣು ತುಂಬಿತು. ಎಣ್ಣೆ ಮೆತ್ತಿದ ಅವನ ಕೈಯನ್ನು ಅವಳು ಸೆರಗಿನಿಂದ ಒರೆಸಿದಳು, ಆಮೇಲೆ ಬಿಡಲಿಲ್ಲ.

"ಈಗ ಹೇಳಿ, ಕ್ಯಾಪ್ಟನ್ ಯಾರಾಗ್ಬೇಕು?" ಕೇಳಿದ ಅವನು. "ಪತ್ರಿಕೆಯವ್ರಿಗೆ ಏನು ಬರೀತೀರಿ?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ."

ಅವರಿಬ್ಬರಿಗೂ ಒಮ್ಮತವಾದದ್ದು ಅದೇ ಮೊದಲು.

ಹೊರಗಿನಿಂದ ಗುತ್ಯಪ್ಪ ಕೂಗಿದ. "ಹೊತ್ತಾಯ್ತು! ಹಗ್ಗ ಬಿಚ್ಚಲಾ?"

ಶ್ಯಾಮ ಅಭ್ಯಾಸದಂತೆ ಗುಡ್ಡದ ತಿರುವಿನ ಕಡೆ ನೋಡಿದ. ಆ ದಿನದಿಂದ ಪ್ರತಿ ಸಲವೂ ಹೀಗೆ ನೋಡುತ್ತಿದ್ದ. ತಿರುವು ಖಾಲಿಯಿತ್ತು. ಆದರೂ ಅವನ ಕೈ ಏಳಲಿಲ್ಲ.

ವನಮಾಲಾ ಅವನ ಕೈ ಹಿಡಿದು ಚಕ್ರದ ಮೇಲಿಟ್ಟಳು.

"ಹೊರಡಿ," ಎಂದಳು. "ನಾನು ಹತ್ತಿದೀನಿ."